ಜರ್ಮನಿಯಿಂದ ಬಂದ ಪ್ಲೇಯರಿನ ಕ್ಷೀಣಧ್ವನಿ

ತಮ್ಮ ಮಗಳು ಜರ್ಮನಿಯಿಂದ ತಂದಿತ್ತ ಸಂಗೀತ ಪ್ಲೇಯರಿನ ಧ್ವನಿ ಕ್ಷೀಣವಾಗಿರುವುದಕ್ಕೆ ಯಂತ್ರದೋಷವೇ ಕಾರಣವೆಂದು ವ್ಯಥೆಪಡಬೇಕಾದುದಿಲ್ಲ. ಶ್ರವಣಶಕ್ತಿಯ ರಕ್ಷಣಾರ್ಥವಾಗಿ ಐರೋಪ್ಯ ಮಾರುಕಟ್ಟೆಯ ಇಂತಹ ಉಪಕರಣಗಳು ಮೊದಲಿಗೆ 85 ಡೆಸಿಬೆಲ್ಲಿಗೆ ನಿಲ್ಲುವಂತೆ ನಿಯಮಿತವಾಗಿದ್ದು, ಪರದೆಯ ಎಚ್ಚರಿಕೆಯನ್ನು ಅಂಗೀಕರಿಸಿದ ತರುವಾಯವೇ ಗರಿಷ್ಠ 100ರವರೆಗೆ ಏರುವುವು. ಆ ಎಚ್ಚರಿಕೆ ಜರ್ಮನ್ ಭಾಷೆಯಲ್ಲಿ ಮೂಡುವುದಾದರೆ, ಸೆಟ್ಟಿಂಗ್ಸ್‌ನಲ್ಲಿ ಎಸ್, ಪಿ, ಆರ್ ಅಕ್ಷರಗಳಿಂದ ಮೊದಲಾಗುವ ‘ಶ್ಪ್ರಾಖೆ’ ಎಂಬ ಸಾಲನ್ನು ಒತ್ತಿ ಇಂಗ್ಲಿಷನ್ನು ಆರಿಸಿಕೊಳ್ಳಿರಿ. ಕಂಪ್ಯೂಟರು ಪ್ಲೇಯರನ್ನು ಗುರುತಿಸದಿದ್ದಲ್ಲಿ, ವಿದ್ಯುತ್ತನ್ನಷ್ಟೇ ಒಯ್ಯುವ ಚಾರ್ಜಿಂಗ್ ತಂತಿಯನ್ನು ತೊರೆದು, ಪೆಟ್ಟಿಗೆಯೊಡನೆ ಬಂದ ಯುಎಸ್‌ಬಿ ಕೇಬಲ್ಲನ್ನೇ ಬಳಸಿರಿ. ಪ್ಲೇಯರಿನ ಪರದೆಯಲ್ಲಿ ದಾಸರ ಪದಗಳ ಹೆಸರುಗಳು ಬರಿಯ ಚೌಕಗಳಾಗಿ ತೋರುವುದು ಬಹುಮಟ್ಟಿಗೆ ಕನ್ನಡ ಫಾಂಟಿನ ಅಭಾವದಿಂದ. ಹಾಡುಗಳು ಕೆಟ್ಟಿಲ್ಲವಾದುದರಿಂದ ಅವನ್ನು ಅಳಿಸದೆ, ಕಂಪ್ಯೂಟರಿನಲ್ಲಿ ಹೆಸರುಗಳನ್ನಷ್ಟೇ ರೋಮನ್ ಲಿಪಿಗೆ ತಿದ್ದಿರಿ. ಎಚ್ಚರಿಕೆಯನ್ನು ದಾಟಲು ಬರುವುದಾದರೂ, ದಿನವೂ ದೀರ್ಘಕಾಲ ಆಲಿಸುವ ತಾವು 85ರೊಳಗೇ ಇರಬೇಕೆಂದು ನನ್ನ ಪ್ರಾರ್ಥನೆ.