ಬರೆಯುವ ಯಂತ್ರವೂ ತರಗತಿಯ ನಿಯಮವೂ

ವಿದ್ಯಾರ್ಥಿಗೆ ಕೊಡುವ ಅಭ್ಯಾಸಕ್ಕೆ ಎರಡು ಫಲಗಳುಂಟು. ಒಂದು, ಕಾಗದದ ಮೇಲೆ ಮೂಡುವ ಉತ್ತರ. ಇನ್ನೊಂದು, ಅದನ್ನು ಬರೆಯುವಾಗ ಬುದ್ಧಿಗೆ ಒದಗುವ ಸಂಸ್ಕಾರ. ಮೊದಲನೆಯದನ್ನು ನೋಡಿ ಎರಡನೆಯದನ್ನು ಊಹಿಸುವುದು ಉಪಾಧ್ಯಾಯರ ರೂಢಿ. 2022ರ ನವೆಂಬರ್ 30ರಂದು ಅಮೆರಿಕದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಸಾರ್ವಜನಿಕರ ಮುಂದಿರಿಸಿದಂದಿನಿಂದ ಆ ಊಹೆಯ ಬುನಾದಿಯೇ ಸಡಿಲವಾಗಿದೆ. ಕೇಳಿದೊಡನೆ ಪ್ರಬಂಧ, ಪತ್ರ, ಸಾರಾಂಶಗಳನ್ನು ಬರೆದೊಪ್ಪಿಸುವ ಯಂತ್ರವು ಮಕ್ಕಳ ಅಂಗೈಗೆ ಬಂದಿರುವಾಗ ಶಾಲೆಯು ಯಾವ ನಿಯಮವನ್ನು ಗೊತ್ತುಪಡಿಸಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಸಂಪೂರ್ಣ ನಿಷೇಧವು ಸುಲಭೋಪಾಯವೆಂದು ತೋರಬಹುದು. ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳು 2023ರ ಜನವರಿಯಲ್ಲಿ ಅದನ್ನು ತಡೆದವು. ಅದೇ ವರ್ಷದ ಮೇ ತಿಂಗಳಲ್ಲಿ ಆ ಧೋರಣೆಯನ್ನು ಕೈಬಿಟ್ಟವು. ಶಾಲೆಯಲ್ಲಿ ಮುಚ್ಚಿದ ಬಾಗಿಲು ಮನೆಯಲ್ಲಿ ತೆರೆದೇ ಇರುತ್ತದೆ. ಯಂತ್ರದ ಬರಹವನ್ನು ಪತ್ತೆಹಚ್ಚುವ ಸಾಧನಗಳೂ ನೆಚ್ಚತಕ್ಕವಲ್ಲ. ಓಪನ್‌ಎಐ ತಾನೇ ರಚಿಸಿದ್ದ ಅಂಥ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳನ್ನು ಇಂಥ ಸಾಧನಗಳು ಯಂತ್ರದವೆಂದು ಮೇಲಿಂದ ಮೇಲೆ ತಪ್ಪೆಣಿಸುವುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವರ್ಷ ತೋರಿಸಿಕೊಟ್ಟರು. ಕನ್ನಡದ ಮಕ್ಕಳು ಬರೆಯುವ ಇಂಗ್ಲಿಷಿಗೂ ಈ ಎಚ್ಚರಿಕೆ ಸಲ್ಲುತ್ತದೆ. ನಿರಪರಾಧಿಯಾದ ಬಾಲಕನನ್ನು ಕಳ್ಳನೆಂದು ಕರೆದರೆ ಅವನಲ್ಲಿ ಬರೆಯುವ ಉತ್ಸಾಹವೇ ಬತ್ತೀತು.

ಆದುದರಿಂದ ನಿಯಮವು ಅಭ್ಯಾಸದ ಉದ್ದೇಶದಿಂದ ಹೊರಡಬೇಕು. ಕಂದಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ನೋಡಬಹುದು. ಒಂದು ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳು, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣಗಳು. ಒಟ್ಟು 64 ಮಾತ್ರೆಗಳು. ಈ ಲೆಕ್ಕ ಪುಸ್ತಕದಲ್ಲಿಯೇ ಇದೆ. ಲಘು ಗುರುಗಳನ್ನು ಗುರುತಿಸುತ್ತ ಪದ್ಯವನ್ನು ಹತ್ತು ಸಲ ಓದಿಕೊಂಡಾಗ ಕಿವಿಗೆ ಒದಗುವ ಲಯಜ್ಞಾನವೇ ಅಲ್ಲಿನ ನಿಜವಾದ ಫಲ. ಆ ಶ್ರಮವನ್ನು ಯಂತ್ರಕ್ಕೆ ವಹಿಸಿದರೆ ವಿದ್ಯಾರ್ಥಿಗೆ ಉಳಿಯುವುದು ಗೆರೆಗಳು ಮಾತ್ರ. ಇಂಥ ಅಭ್ಯಾಸಗಳಲ್ಲಿ ಯಂತ್ರಕ್ಕೆ ಎಡೆಯಿರಬಾರದು. ಅವುಗಳನ್ನು ತರಗತಿಯಲ್ಲಿ, ಕೈಬರಹದಲ್ಲಿ ಮಾಡಿಸತಕ್ಕದ್ದು.

ವಿಷಯ ಸಂಗ್ರಹ, ಚರ್ಚಾಕೂಟದ ಸಿದ್ಧತೆ ಮೊದಲಾದ ಕಾರ್ಯಗಳಲ್ಲಿ ಮೇಲಿನ ತರಗತಿಗಳವರಿಗೆ ಅನುಮತಿ ಕೊಡಬಹುದು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಹೊರಡಿಸಿದ ಮಾರ್ಗದರ್ಶಿಯು ತರಗತಿಯಲ್ಲಿ ಇದರ ಬಳಕೆಗೆ 13 ವರ್ಷದ ಕನಿಷ್ಠ ವಯೋಮಿತಿಯನ್ನು ಸೂಚಿಸಿದೆ. ಆದರೆ ಏನನ್ನು ಕೇಳಲಾಯಿತು, ಯಾವುದನ್ನು ಸ್ವೀಕರಿಸಲಾಯಿತು, ಎಲ್ಲಿ ಪರಿಶೀಲಿಸಲಾಯಿತು ಎಂಬ ಮೂರನ್ನು ವಿದ್ಯಾರ್ಥಿ ಉತ್ತರದ ಕೆಳಗೆ ಬರೆಯಬೇಕು. ಯಂತ್ರವು ಸಂಭಾವ್ಯತೆಯ ಗಣನೆಯಿಂದ ಪದದ ಮುಂದೆ ಪದವನ್ನು ಜೋಡಿಸುತ್ತದೆ. ಎಂದೂ ರಚಿತವಾಗದ ಗ್ರಂಥದ ಹೆಸರನ್ನೂ ಅದು ನಿರರ್ಗಳವಾಗಿ ಹೇಳಬಲ್ಲದು. ಅಂಥ ಬರಹವನ್ನೇ ಕರಿಹಲಗೆಯ ಮೇಲೆ ಬರೆದು ದೋಷಗಳನ್ನು ಹುಡುಕಿಸಿದರೆ ಅದೂ ಒಂದು ಒಳ್ಳೆಯ ಪಾಠವಾಗುತ್ತದೆ.

ಸಂದೇಹ ಬಂದಲ್ಲಿ ವಿದ್ಯಾರ್ಥಿಯನ್ನು ಹತ್ತಿರ ಕೂಡಿಸಿಕೊಂಡು ಅವನ ಬರಹದ ಮೇಲೆ ನಾಲ್ಕು ಪ್ರಶ್ನೆ ಕೇಳುವುದೇ ನ್ಯಾಯವಾದ ಮಾರ್ಗ. ತಿಳಿದು ಬರೆದವನು ವಿವರಿಸುತ್ತಾನೆ. ತಿಳಿಯದವನಿಗೆ ಅಲ್ಲಿಯೇ ಪಾಠ ಆರಂಭವಾಗುತ್ತದೆ. ಈ ನಿಯಮ ಉಪಾಧ್ಯಾಯರನ್ನೂ ಬಂಧಿಸಬೇಕು. ಯಂತ್ರದ ನೆರವಿನಿಂದ ಪ್ರಶ್ನಪತ್ರಿಕೆ ಸಿದ್ಧಪಡಿಸಿದವರು ಹಾಗೆಂದು ತಿಳಿಸಬೇಕು. ಮಕ್ಕಳ ಹೆಸರು, ಅಂಕಗಳನ್ನು ಅದಕ್ಕೆ ಒಪ್ಪಿಸಬಾರದು.

ಒಬ್ಬೊಬ್ಬರನ್ನೂ ಕೂಡಿಸಿಕೊಂಡು ಕೇಳಲು ಸಮಯ ಬೇಕು. ತರಗತಿಯಲ್ಲಿ ಅರುವತ್ತು ಮಂದಿ ತುಂಬಿದ್ದರೆ ಎಷ್ಟು ಒಳ್ಳೆಯ ನಿಯಮವೂ ಗೋಡೆಯ ಮೇಲಿನ ಬರಹವಾಗಿಯೇ ಉಳಿದೀತು. ವಿದ್ಯಾಭಿಮಾನಿಗಳ ಔದಾರ್ಯವು ಗಣಕಯಂತ್ರಗಳ ಜೊತೆಗೆ ಇನ್ನೊಬ್ಬ ಉಪಾಧ್ಯಾಯರ ನೇಮಕಕ್ಕೂ ಹರಿದರೆ ಈ ನಿಯಮಕ್ಕೆ ಜೀವ ಬಂದೀತು.