ಹೆಣ್ಣುಮಕ್ಕಳ ತೋಳ್ಬಲವೂ ಅಡ್ಡಕಂಬಿಯ ಸಾಧನೆಯೂ

ನಮ್ಮ ಶಾಲೆಯ ಅಂಗಳದ ಮೂಲೆಯಲ್ಲಿ, ಬೇವಿನ ಮರದ ಬದಿಗೆ, ಎರಡು ಕಂಬಗಳ ನಡುವೆ ಒಂದು ಕಬ್ಬಿಣದ ಅಡ್ಡಕಂಬಿಯುಂಟು. ಪೂರ್ವ ವಿದ್ಯಾರ್ಥಿನಿಯರು ಅದನ್ನು ಮರೆತಿರಲಾರರು. ಆದರೆ ಅವರಲ್ಲಿ ಹೆಚ್ಚಿನವರಿಗೆ ಅದು ಬೋರ್ಡಿಂಗಿನ ಒದ್ದೆ ಬಟ್ಟೆ ಒಣಹಾಕಿದ ಕಂಬಿಯಾಗಿಯೇ ನೆನಪಿರುವುದು. ನೆಲದ ಆಧಾರವಿಲ್ಲದೆ ಅಂಥ ಕಂಬಿಗೆ ಜೋತುಬಿದ್ದು, ಗದ್ದವು ಕಂಬಿಯ ಮೇಲೆ ಬರುವಂತೆ ಶರೀರವನ್ನು ಎಳೆದುಕೊಳ್ಳುವ ಸಾಧನೆಗೆ ಸೈನ್ಯ ಸೇರಬಯಸುವ ತರುಣರು ‘ಬೀಮ್’ ಎನ್ನುತ್ತಾರೆ. ಇದು ಹುಡುಗಿಯರಿಂದ ಆಗದ ಕೆಲಸವೆಂಬುದು ರೂಢಿಯ ಮಾತು.

ಕುಪ್ಪೇಲೂರಿನ ಒಬ್ಬ ವಿದ್ಯಾರ್ಥಿನಿ ಒಂದು ದಿನ ನನ್ನನ್ನು ಕೇಳಿದಳು: “ಅಕ್ಕೋರೇ, ನಮ್ಮಣ್ಣ ಎಂಟು ಬೀಮ್ ಹೊಡೀತಾನ್ರೀ. ನನಗ ಒಂದೂ ಯಾಕ ಬರವಲ್ದು?” ಹೊಲದಿಂದ ಹುಲ್ಲಿನ ಹೊರೆ ಹೊತ್ತು ತರುವ ಗಟ್ಟಿಗಿತ್ತಿ ಅವಳು. ಕಂಬಿ ಹಿಡಿದು ಜಗ್ಗು, ತಾನಾಗಿ ಬಂದೀತು ಎಂದೆನು. ಎರಡು ವಾರ ಜಗ್ಗಿದಳು. ಅಂಗೈಯಲ್ಲಿ ಬೊಬ್ಬೆಗಳೆದ್ದುವೇ ಹೊರತು ದೇಹವು ಒಂದಂಗುಲವೂ ಏರಲಿಲ್ಲ. ತಪ್ಪು ಅವಳದಲ್ಲ, ಕಲಿಸಿದವಳದು.

ಹೊರೆ ಹೊರುವಾಗ ದುಡಿಯುವುದು ಕುತ್ತಿಗೆ, ಸೊಂಟ, ಕಾಲುಗಳು. ಕಂಬಿ ಏರುವಾಗ ದುಡಿಯತಕ್ಕವು ಬೆನ್ನಿನ ಇಕ್ಕೆಲಗಳ ಅಗಲವಾದ ಸ್ನಾಯುಗಳು ಹಾಗೂ ತೋಳುಗಳು. ಬಾವಿಯ ಹಗ್ಗ ಜಗ್ಗುವಾಗ ಇವುಗಳಿಗೆ ಕೆಲಸವಿತ್ತು. ಮನೆಗೆ ನಲ್ಲಿ ಬಂದಮೇಲೆ ಅದೂ ತಪ್ಪಿತು. ಅಲ್ಲದೆ ಪುರುಷರಿಗೆ ಹೋಲಿಸಿದರೆ ಸ್ತ್ರೀಯರಿಗೆ ಸೊಂಟದ ಮೇಲ್ಭಾಗದ ಸ್ನಾಯುಗಳು ಸಾಮಾನ್ಯವಾಗಿ ಕಡಿಮೆಯೆಂಬುದನ್ನು ಮುಚ್ಚಿಡಲಾಗದು. 2013ರಲ್ಲಿ ಅಮೆರಿಕದ ಮೆರೀನ್ ದಳದಲ್ಲಿ ಹೊಸದಾಗಿ ಸೇರಿದ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೂರು ಸಲ ಕಂಬಿ ಏರಲಾರದೆ ಹೋದರು. ಆ ನಿಯಮವನ್ನು ಮುಂದೂಡಬೇಕಾಯಿತು. ಆದರೆ ಉಳಿದವರು ಏರಿದರೆಂಬುದನ್ನೂ ನಾವು ನೋಡಬೇಡವೇ?

ಕ್ರಮವನ್ನು ಹೇಳುವೆನು. ಮೊದಲು ಕೇವಲ ಜೋತುಬೀಳುವುದನ್ನು ಕಲಿಯತಕ್ಕದ್ದು. ನಾಗರಪಂಚಮಿಯ ಜೋಕಾಲಿಯ ಹಗ್ಗವನ್ನು ಹಿಡಿಯುವಂತೆ ಬಿಗಿಯಾಗಿ ಹಿಡಿದು, ಹತ್ತು ಎಣಿಸುವವರೆಗೆ, ಕ್ರಮೇಣ ಮೂವತ್ತು ಎಣಿಸುವವರೆಗೆ. ಅದು ಸಾಧಿಸಿದ ಬಳಿಕ, ಮೊಣಕೈ ಬಗ್ಗಿಸದೆ ಹೆಗಲುಗಳನ್ನು ಮಾತ್ರ ಕಿವಿಯಿಂದ ಕೆಳಕ್ಕೆ ಎಳೆದುಕೊಳ್ಳಬೇಕು. ಏರುವ ಕೆಲಸವು ಇಲ್ಲಿಂದಲೇ ಆರಂಭವಾಗತಕ್ಕದ್ದು. ಇದರ ಜೊತೆಗೆ, ಸೊಂಟದೆತ್ತರಕ್ಕೆ ಭದ್ರವಾಗಿ ಕಟ್ಟಿದ ಗಟ್ಟಿ ಬಿದಿರನ್ನು ಹಿಡಿದು, ಹಿಮ್ಮಡಿಗಳನ್ನು ನೆಲಕ್ಕೆ ಊರಿ, ಹಲಗೆಯಂತೆ ನೆಟ್ಟಗೆ ಅಂಗಾತ ಒರಗಿ, ಎದೆಯನ್ನು ಬಿದಿರಿಗೆ ತಾಕಿಸಬೇಕು. ಎಂಟರಂತೆ ಮೂರು ಸರತಿ ಸಾಕು. ಕಾಲುಗಳನ್ನು ಮುಂದೆ ಸರಿಸಿದಷ್ಟೂ ಭಾರ ಹೆಚ್ಚುವುದು.

ಮುಖ್ಯವಾದುದು ಇನ್ನು ಮುಂದಿನದು. ಸ್ನಾಯುವು ಎತ್ತಲಾರದ ಭಾರವನ್ನು ಮೆಲ್ಲಗೆ ಇಳಿಸಬಲ್ಲುದು. ಆದಕಾರಣ ಏರಲಾರದವಳು ಇಳಿಯುವುದರಿಂದಲೇ ತೊಡಗಬೇಕು. ಒಂದು ಸ್ಟೂಲಿನ ಮೇಲೆ ನಿಂತು ಗದ್ದವನ್ನು ಕಂಬಿಯ ಮೇಲಿಟ್ಟು, ಕಾಲುಗಳನ್ನು ತೆಗೆದು, ಐದು ಎಣಿಸುತ್ತ ತೋಳು ಪೂರ್ಣ ಚಾಚುವವರೆಗೆ ಇಳಿಯತಕ್ಕದ್ದು. ಮೊದಲಿಗೆ ಧೊಪ್ಪನೆ ಬೀಳುವಂತಾಗುವುದು, ಅಂಜಬಾರದು. ನಾಲ್ಕೈದು ಸಲ ಇಳಿದರೆ ಆ ದಿನಕ್ಕೆ ಮುಗಿಯಿತು. ವಾರಕ್ಕೆ ಮೂರು ದಿನ ಮಾತ್ರ, ನಡುವೆ ವಿಶ್ರಾಂತಿ. ಇಳಿಯುವ ಸಾಧನೆಯಿಂದ ಮೈನೋವು ಹೆಚ್ಚು. ಮೊಣಕೈಯಲ್ಲೋ ಹೆಗಲಲ್ಲೋ ಚುಚ್ಚುವ ನೋವಾದರೆ ನಿಲ್ಲಿಸಬೇಕು. ಹತ್ತು ಎಣಿಸುತ್ತ ಇಳಿಯಬಲ್ಲವಳು ಅಂಗೈ ತನ್ನ ಕಡೆಗೆ ತಿರುಗಿಸಿ ಹಿಡಿದು ಏರಲು ಯತ್ನಿಸಲಿ. ಈ ಹಿಡಿತದಲ್ಲಿ ತೋಳಿನ ಮುಂಭಾಗದ ಸಹಾಯ ಹೆಚ್ಚು. ಕಾಲು ಜಾಡಿಸಿ ಏರಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲ ಕೆಲವು ವಾರ ತೋಳು ದಪ್ಪವಾಗದೆಯೂ ಬಲ ಹೆಚ್ಚುವುದು. ಇದ್ದ ಸ್ನಾಯುಗಳನ್ನು ಪೂರ್ಣವಾಗಿ ದುಡಿಸಲು ನರಗಳು ಆಗ ಕಲಿಯುತ್ತವೆ. ಸ್ನಾಯು ಬೆಳೆಯುವುದು ತರುವಾಯ. ಅದಕ್ಕೆ ಆಹಾರ ಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯುಂಟು. ರಕ್ತವಿಲ್ಲದವಳಿಗೆ ಕಂಬಿ ತೋರಿಸಿ ಫಲವೇನು? ಪಾಲಕರು ಮಗನ ತಾಟಿಗೆ ಬಡಿಸುವಷ್ಟೇ ಬೇಳೆ, ಶೇಂಗಾ, ಸೊಪ್ಪು, ತಿನ್ನುವ ಮನೆಯಾದರೆ ಮೊಟ್ಟೆ, ಮಗಳ ತಾಟಿಗೂ ಬಡಿಸಬೇಕೆಂದು ಕೋರುತ್ತೇನೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ಯುವ ಜಾಣೆಯರನ್ನೂ ನಾನು ಬಲ್ಲೆ.

ತೋಳು ಗಂಡಸಿನಂತಾದೀತು, ಗರ್ಭಕೋಶಕ್ಕೆ ಕೇಡಾದೀತು ಎಂದು ಕೆಲವು ತಾಯಂದಿರು ಅಂಜುತ್ತಾರೆ. ಪುರುಷರ ಸ್ನಾಯುಗಳನ್ನು ಉಬ್ಬಿಸುವ ರಸವು ಸ್ತ್ರೀಶರೀರದಲ್ಲಿ ಬಹು ಅಲ್ಪ. ಆರೋಗ್ಯವಂತೆಗೆ ಈ ಸಾಧನೆಯಿಂದ ಗರ್ಭಕೋಶಕ್ಕೆ ಕೇಡಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಸೈನ್ಯದ ಪೊಲೀಸ್ ದಳಕ್ಕೆ ಹುಡುಗಿಯರ ಭರ್ತಿ ನಡೆಯಿತು. ಓಟ, ಉದ್ದಜಿಗಿತ, ಎತ್ತರಜಿಗಿತಗಳ ಪರೀಕ್ಷೆಯಿತ್ತು. ಕಂಬಿಯ ಪರೀಕ್ಷೆ ಅವರಿಗಿರಲಿಲ್ಲ. ಆ ದಳದ ಮೊದಲ ತಂಡದ 83 ಮಂದಿ ಸ್ತ್ರೀಯರು 2021ರ ಮೇ 8ರಂದು ಬೆಂಗಳೂರಿನಲ್ಲಿ 61 ವಾರಗಳ ತರಬೇತಿ ಮುಗಿಸಿ ಸೈನ್ಯ ಸೇರಿದರು. ಪರೀಕ್ಷೆಯಿಲ್ಲದಿರುವುದು ಬೇರೆ, ಶಕ್ತಿಯಿಲ್ಲದಿರುವುದು ಬೇರೆ.

ಕುಪ್ಪೇಲೂರಿನ ಹುಡುಗಿ ಈ ಕ್ರಮದಂತೆ ಸಾಧನೆ ಮಾಡಿದಳು. ನಾಲ್ಕನೆಯ ತಿಂಗಳ ಕೊನೆಯಲ್ಲಿ ಮೂಗು ಕಂಬಿಯ ಸಮಕ್ಕೆ ಬಂದು ನಿಂತಿತು, ಅಲ್ಲಿಂದ ಮೇಲೇಳಲಿಲ್ಲ. ಅವಳು ಅತ್ತಳು. ಹನ್ನೊಂದು ದಿನಗಳ ಬಳಿಕ, ಬೆಳಗಿನ ಪ್ರಾರ್ಥನೆಯ ಗಂಟೆಗೆ ಮುಂಚೆ, ಗದ್ದವು ಕಂಬಿಯನ್ನು ದಾಟಿತು. ಈಗ ಅಲ್ಲಿ ಸರತಿ ನಿಲ್ಲುವ ಹುಡುಗಿಯರಿದ್ದಾರೆ. ಬಟ್ಟೆಗೆ ಬೋರ್ಡಿಂಗಿನವರು ಬೇರೆ ಹಗ್ಗ ಕಟ್ಟಿಕೊಂಡಿದ್ದಾರೆ.