ಅಬ್ಸಿಡಿಯನ್ ಎಂಬ ಕಪ್ಪು ಗಾಜು

ಮೊದಲಿಗೆ ಒಂದು ಸ್ಪಷ್ಟನೆ. ಈ ಲೇಖನದಲ್ಲಿ ‘ದಾದಿ’ ಎಂದು ಬಂದಾಗಲೆಲ್ಲ ಅದು ಆಸ್ಪತ್ರೆಯ ದಾದಿಯಲ್ಲ, ನನ್ನ ಅಬ್ಬಾ ಅವರ ತಾಯಿ. ಎಂಟನೇ ತರಗತಿಯಲ್ಲಿ ‘ನನ್ನ ದಾದಿ’ ಎಂದು ಪ್ರಬಂಧ ಬರೆದಾಗ ಕನ್ನಡ ಮೇಡಂ ‘ನಿಮ್ಮ ಮನೆಯಲ್ಲಿ ನರ್ಸ್ ಇದ್ದಾರಾ?’ ಎಂದು ಕೇಳಿದ್ದರು. ಅಂದಿನಿಂದ ಈ ಪದ ಬರೆಯುವಾಗ ಎಚ್ಚರ ವಹಿಸುತ್ತೇನೆ.

ಈದ್ ಮುಗಿದ ಮೇಲೆ ನನ್ನ ಚಾಚಾ ಆನ್‌ಲೈನ್‌ನಲ್ಲಿ ದಾದಿಗೆ ಕಪ್ಪು ಮಣಿಗಳ ಒಂದು ಬ್ರೇಸ್‌ಲೆಟ್ ತರಿಸಿಕೊಟ್ಟರು. 1,999 ರೂಪಾಯಿ ಎಂಬುದರ ಮೇಲೆ ಗೀಟು ಎಳೆದು ಪಕ್ಕದಲ್ಲಿ 499 ಎಂದು ಬರೆದಿತ್ತು. (ಕಾಮರ್ಸ್ ವಿದ್ಯಾರ್ಥಿಯಾಗಿ ಹೇಳುವುದಾದರೆ, ಆ 1,999ಕ್ಕೆ ಅದನ್ನು ಯಾರೂ ಎಂದೂ ಕೊಂಡಿರಲಾರರು.) ಜೊತೆಗಿದ್ದ ಚೀಟಿಯಲ್ಲಿ ‘ಅಸಲಿ ಅಬ್ಸಿಡಿಯನ್ ಹೀಲಿಂಗ್ ಸ್ಟೋನ್, ಗಾಜು ಅಲ್ಲ’ ಎಂದು ಇಂಗ್ಲಿಷಿನಲ್ಲಿತ್ತು. ನಜರ್ ತಾಗುವುದಿಲ್ಲ, ನಿದ್ದೆ ಬರುತ್ತದೆ, ಬಿ.ಪಿ. ಇಳಿಯುತ್ತದೆ ಎಂದೂ ಇತ್ತು. ದಾದಿಗೆ ಹನ್ನೊಂದು ವರ್ಷದಿಂದ ಬಿ.ಪಿ. ಇದೆ. ಆ ಚೀಟಿಯನ್ನು ಅವರಿಗೆ ಓದಿ ಹೇಳಿದ್ದು ನಾನೇ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಚೀಟಿಯ ಮೊದಲ ಸಾಲೇ ತಪ್ಪು. ಅಬ್ಸಿಡಿಯನ್ ಗಾಜೇ. ಕಾರ್ಖಾನೆಯ ಗಾಜಲ್ಲ, ಜ್ವಾಲಾಮುಖಿ ಮಾಡಿದ ಗಾಜು. ಭೂಮಿಯೊಳಗಿನ ಶಿಲಾರಸ ನಿಧಾನವಾಗಿ ತಣ್ಣಗಾದರೆ ಅದರೊಳಗಿನ ಕಣಗಳಿಗೆ ಸಾಲಾಗಿ ಜೋಡಿಸಿಕೊಳ್ಳಲು ಸಮಯ ಸಿಗುತ್ತದೆ. ಹರಳುಗಳಿರುವ ಕಲ್ಲು ಹುಟ್ಟುತ್ತದೆ. ಗ್ರಾನೈಟ್ ಹುಟ್ಟುವುದು ಹಾಗೆ. ಸಿಲಿಕಾ ಅಂಶ ಶೇ. 70ಕ್ಕಿಂತ ಹೆಚ್ಚಿರುವ, ಬೆಲ್ಲದ ಪಾಕದಂತೆ ಅಂಟಾದ ಲಾವಾ ಬೇಗ ತಣಿದರೆ ಹರಳು ಕಟ್ಟಲು ಸಮಯವೇ ಸಿಗುವುದಿಲ್ಲ. ಇದ್ದ ಹಾಗೇ ಗಟ್ಟಿಯಾಗುತ್ತದೆ. ಅದೇ ಅಬ್ಸಿಡಿಯನ್. ಇದನ್ನು ಮಾರುವವರು ‘ಕ್ರಿಸ್ಟಲ್ ಎನರ್ಜಿ’ ಎನ್ನುತ್ತಾರೆ. ಆದರೆ ಕ್ರಿಸ್ಟಲ್ ಆಗದೆ ಉಳಿದದ್ದೇ ಇದರ ಲಕ್ಷಣ!

ವಿಜಯಪುರದ ಗೋಲ್ ಗುಂಬಜ್ ಕೂಡ ಲಾವಾದಿಂದ ಹುಟ್ಟಿದ ಕಪ್ಪು ಕಲ್ಲಿನದು, ಅದೇಕೆ ಅಬ್ಸಿಡಿಯನ್ ಅಲ್ಲ ಎಂದು ನನಗೆ ಅನ್ನಿಸಿತ್ತು. ಅದು ಬಸಾಲ್ಟ್. ಅದರಲ್ಲಿ ಸಿಲಿಕಾ ಸುಮಾರು ಶೇ. 50 ಮಾತ್ರ. ಅಂಥ ಲಾವಾ ನೀರಾಗಿ ದೂರದವರೆಗೆ ಹರಿದು, ಸಣ್ಣ ಸಣ್ಣ ಹರಳುಗಳನ್ನು ಕಟ್ಟಿಕೊಳ್ಳುತ್ತದೆ. ಗಾಜಿಗೆ ಆಯಸ್ಸೂ ಕಡಿಮೆ. ಲಕ್ಷಾಂತರ ವರ್ಷಗಳಲ್ಲಿ ಅದು ತಾನಾಗಿಯೇ ಹರಳಾಗುತ್ತಾ ಹೋಗುತ್ತದೆ. ಹಾಗಾಗಿ ಬಹಳ ಹಳೆಯ ಅಬ್ಸಿಡಿಯನ್ ಸಿಗುವುದು ಅಪರೂಪ.

ಈ ವಿಷಯ ತಿಳಿದರೆ ಅಂಗಡಿಯ ಬಗೆಬಗೆಯ ಹೆಸರುಗಳೂ ಅರ್ಥವಾಗುತ್ತವೆ. ಸ್ನೋಫ್ಲೇಕ್ ಅಬ್ಸಿಡಿಯನ್‌ನ ಬಿಳಿ ಹೂಗಳು ಕ್ರಿಸ್ಟೋಬಲೈಟ್ ಎಂಬ ಹರಳಿನ ಗುಂಪುಗಳು. ಗಾಜು ಹರಳಾಗಲು ಶುರುವಾಗಿದೆ ಎಂದರ್ಥ, ಒಂದು ರೀತಿಯಲ್ಲಿ ನರೆಗೂದಲು. ಮಹೋಗನಿ ಬಗೆಯ ಕೆಂಪು ಕಬ್ಬಿಣದ ಆಕ್ಸೈಡ್‌ನಿಂದ ಬಂದದ್ದು. ರೇನ್‌ಬೋ ಅಬ್ಸಿಡಿಯನ್‌ನಲ್ಲಿ ಅತಿ ಸೂಕ್ಷ್ಮ ಖನಿಜ ಕಣಗಳ ತೆಳು ಪದರಗಳಿರುತ್ತವೆ. ನೀರಿನ ಮೇಲೆ ಬಿದ್ದ ಪೆಟ್ರೋಲ್ ಹೊಳೆಯುವಂತೆ ಅವು ಬಣ್ಣ ತೋರಿಸುತ್ತವೆ. ‘ಅಪಾಚೆ ಕಣ್ಣೀರು’ ಎಂಬ ಉರುಟು ಗೋಲಿಗಳು ಅಮೆರಿಕದ ಅರಿಜೋನಾ ಕಡೆಯವು. ಇವುಗಳಲ್ಲಿ ಒಂದಕ್ಕೆ ಮನಃಶಾಂತಿ, ಇನ್ನೊಂದಕ್ಕೆ ಧೈರ್ಯ, ಮತ್ತೊಂದಕ್ಕೆ ದುಃಖ ಮರೆಸುವುದು ಎಂದು ಕೆಲಸ ಹಂಚಿಕೊಟ್ಟಿದ್ದಾರೆ. ತಿಳಿ ನೀಲಿ ಬಣ್ಣದ ಪಾರದರ್ಶಕ ‘ಅಬ್ಸಿಡಿಯನ್’ ಕಂಡರೆ ಅದು ಬಹುಮಟ್ಟಿಗೆ ಕಾರ್ಖಾನೆಯ ಗಾಜೇ.

ಇತಿಹಾಸ ಓದುವಾಗ ನನಗೆ ತುಂಬಾ ಹಿಡಿಸಿದ್ದು ಇದರ ವ್ಯಾಪಾರ. ಲೋಹ ಕಂಡುಹಿಡಿಯುವ ಮೊದಲು ಚೂಪಾದ ಅಲಗು ಬೇಕೆಂದರೆ ಅಬ್ಸಿಡಿಯನ್‌ಗೆ ಸಾಟಿ ಇರಲಿಲ್ಲ. ಹೊಡೆದರೆ ಚಿಪ್ಪಿನಂತೆ ಬಾಗಿದ ಚಕ್ಕೆ ಏಳುತ್ತದೆ, ಅದರ ಅಂಚು ಸುಮಾರು 3 ನ್ಯಾನೋಮೀಟರ್‌ನಷ್ಟು ತೆಳುವಾಗಬಲ್ಲದು. ತಲೆಗೂದಲಿನ ದಪ್ಪವನ್ನು ಇಪ್ಪತ್ತು ಸಾವಿರ ಭಾಗ ಮಾಡಿದರೆ ಒಂದು ಭಾಗ! ಆದರೆ ಇದು ಸಿಗುವುದು ಕೆಲವೇ ಜ್ವಾಲಾಮುಖಿಗಳ ಬಳಿ. ಎಲ್ಲರಿಗೂ ಬೇಕು, ಕೆಲವೇ ಕಡೆ ಸಿಗುತ್ತದೆ. ನಮ್ಮ ಅರ್ಥಶಾಸ್ತ್ರದ ಮೊದಲ ಪಾಠವೇ ಅದು.

ಒಂದೊಂದು ಜ್ವಾಲಾಮುಖಿಯ ಗಾಜಿನಲ್ಲಿ ಅತ್ಯಲ್ಪ ಪ್ರಮಾಣದ ಕೆಲವು ಮೂಲವಸ್ತುಗಳು ಬೇರೆ ಬೇರೆ ಲೆಕ್ಕದಲ್ಲಿರುತ್ತವೆ. ಬೆರಳಚ್ಚಿನ ಹಾಗೆ. 1960ರ ದಶಕದಲ್ಲಿ ಕಾಲಿನ್ ರೆನ್‌ಫ್ರ್ಯೂ ಮತ್ತು ಅವರ ಸಂಗಡಿಗರು ಇದನ್ನು ಬಳಸಿ ಯಾವ ಹಳೆಯ ಊರಿನ ಚೂರು ಯಾವ ಬೆಟ್ಟದ್ದು ಎಂದು ಪತ್ತೆ ಮಾಡಿದರು. ಟರ್ಕಿಯ ಕಪಡೋಕಿಯಾದ ಗಾಜು 700 ಕಿಲೋಮೀಟರ್‌ಗೂ ದೂರದ ಜೆರಿಕೋ ತಲುಪಿತ್ತು. ಮೂಲದಿಂದ ಸುಮಾರು 300 ಕಿಲೋಮೀಟರ್ ಒಳಗಿನ ಊರುಗಳಲ್ಲಿ ಕಲ್ಲಿನ ಉಪಕರಣಗಳ ಬಹುಪಾಲು ಅಬ್ಸಿಡಿಯನ್‌ನದೇ. ಅದರಾಚೆ ದೂರ ಹೋದಂತೆ ಪ್ರಮಾಣ ಥಟ್ಟನೆ ಕುಸಿಯುತ್ತದೆ. ಕೈಯಿಂದ ಕೈಗೆ ಸರಕು ದಾಟುವಾಗ ಪ್ರತಿಯೊಬ್ಬರೂ ತಮಗಿಷ್ಟು ಇಟ್ಟುಕೊಂಡು ಮುಂದಕ್ಕೆ ಕಳಿಸಿದ್ದಾರೆ. ಹಣವಿಲ್ಲ, ರಸೀದಿಯಿಲ್ಲ, ಆದರೂ ಅವರ ಲೆಕ್ಕಪತ್ರ ಮಣ್ಣಿನಲ್ಲಿ ಉಳಿದಿದೆ.

ಹಾಗಾದರೆ ‘ರಕ್ಷಣೆಯ ಕಲ್ಲು’ ಎಂಬ ಮಾತು ಎಲ್ಲಿಂದ ಬಂತು? ಅದಕ್ಕೂ ಹಳೆಯ ಬೇರಿದೆ. ಮೆಕ್ಸಿಕೋದ ಆಜ್ಟೆಕ್ ಜನರು ಅಬ್ಸಿಡಿಯನ್ ಉಜ್ಜಿ ಕನ್ನಡಿ ಮಾಡುತ್ತಿದ್ದರು. ಅವರ ಒಬ್ಬ ದೇವರ ಹೆಸರಿನ ಅರ್ಥವೇ ‘ಹೊಗೆಯಾಡುವ ಕನ್ನಡಿ’. ಮಾಟಗಾರರು ಬಾರದಿರಲೆಂದು ರಾತ್ರಿ ನೀರಿನ ಬಟ್ಟಲಲ್ಲಿ ಅಬ್ಸಿಡಿಯನ್ ಚಾಕು ಹಾಕಿ ಬಾಗಿಲ ಬಳಿ ಇಡುತ್ತಿದ್ದರಂತೆ. ನಮ್ಮ ಬೀದಿಯ ಅಂಗಡಿಗಳ ಬಾಗಿಲಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತದಲ್ಲ, ಹಾಗೆ. ಅಂಥ ಒಂದು ಕನ್ನಡಿ ಇಂಗ್ಲೆಂಡಿನ ರಾಣಿ ಎಲಿಜಬೆತ್‌ರ ಕಾಲದ ಜಾನ್ ಡೀ ಎಂಬ ವಿದ್ವಾಂಸರ ಕೈಸೇರಿ, ಆತ್ಮಗಳೊಡನೆ ಮಾತಾಡುವ ಸಾಧನವೆಂದು ಹೆಸರಾಯಿತು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 2021ರಲ್ಲಿ ಎಕ್ಸ್-ರೇ ಪರೀಕ್ಷೆ ಮಾಡಿದಾಗ ಅದು ಮೆಕ್ಸಿಕೋದ ಪಚೂಕಾದ ಗಾಜು ಎಂದು ಗೊತ್ತಾಯಿತು.

ವೈದ್ಯಕೀಯದಲ್ಲಿ ಅಬ್ಸಿಡಿಯನ್‌ನ ನಿಜವಾದ ಪರೀಕ್ಷೆ ನಡೆದಿರುವುದು ಅಲಗಾಗಿ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಲಿಗಳ ಚರ್ಮವನ್ನು ಉಕ್ಕಿನ ಮತ್ತು ಅಬ್ಸಿಡಿಯನ್ ಅಲಗುಗಳಿಂದ ಕೊಯ್ದು ಹೋಲಿಸಿದರು. ಮೊದಲ ಎರಡು ವಾರ ಅಬ್ಸಿಡಿಯನ್ ಗಾಯದ ಕಲೆ ಕಿರಿದಾಗಿತ್ತು. 21ನೇ ದಿನಕ್ಕೆ ವ್ಯತ್ಯಾಸ ಉಳಿಯಲಿಲ್ಲ. ಅಲ್ಲಿಯೂ ಕೆಲಸ ಮಾಡಿದ್ದು ಚೂಪು, ಕಲ್ಲಿನ ಶಕ್ತಿಯಲ್ಲ.

ಈಗ ದಾದಿಯ ವಿಷಯ. ಬ್ರೇಸ್‌ಲೆಟ್ ಬರುವ ಮೊದಲು ಕ್ಲಿನಿಕ್‌ನಲ್ಲಿ ಅಳೆದಾಗ ಅವರ ಬಿ.ಪಿ. ಮೇಲಿನ ಸಂಖ್ಯೆ 158. ಬಂದ ವಾರದ ನಂತರ 136. ‘ಪತ್ಥರ್ ಕಾಮ್ ಕರ್ರಾ’ ಎಂದು ದಾದಿ ಎಲ್ಲರಿಗೂ ಹೇಳಿದರು. ಕಲ್ಲು ಕೆಲಸ ಮಾಡುತ್ತಿದೆ ಎಂದು. ಆಮೇಲೆ ಯಾರಿಗೂ ತಿಳಿಸದೆ ಮಾತ್ರೆ ಬಿಟ್ಟರು. ಹದಿನೈದು ದಿನಕ್ಕೆ ತಲೆನೋವು ಎಂದು ಕರೆದುಕೊಂಡು ಹೋದರೆ 174. ಡಾಕ್ಟರ್ ನಮಗೆಲ್ಲ ಬೈದರು.

136 ಬಂದದ್ದು ಹೇಗೆ ಎಂದು ನಾನು ಕೇಳಿದೆ. ಮೊದಲ ಸಲ ಕ್ಲಿನಿಕ್‌ನ ಎರಡು ಮಹಡಿ ಹತ್ತಿದ ಕೂಡಲೇ ಅಳೆದಿದ್ದರು. ಎರಡನೇ ಸಲ ಜನ ಜಾಸ್ತಿ ಇದ್ದರು. ದಾದಿ ಅರ್ಧ ಗಂಟೆ ಕುರ್ಚಿಯಲ್ಲಿ ಒರಗಿ, ಆ ಮಣಿಗಳನ್ನೇ ತಸ್ಬೀಹ್‌ನಂತೆ ಎಣಿಸುತ್ತಾ ಕುಳಿತಿದ್ದರು. ಬಿ.ಪಿ. ಅಳೆಯುವ ಮೊದಲು ಐದು ನಿಮಿಷವಾದರೂ ಸುಮ್ಮನೆ ಕೂರಬೇಕು ಎಂಬುದು ನಿಯಮ, ಮಾತೂ ಆಡಬಾರದು ಎಂದು ಅಲ್ಲಿನ ಸಿಸ್ಟರ್ ಹೇಳಿದರು. (ಅವರು ನಿಜವಾದ ದಾದಿ.) ಕೂತು ವಿಶ್ರಾಂತಿ ಪಡೆದದ್ದರ ಮತ್ತು ಆವರೆಗೆ ನುಂಗಿದ ಮಾತ್ರೆಯ ಲಾಭವನ್ನು ನಾವು ಕಲ್ಲಿನ ಖಾತೆಗೆ ಜಮಾ ಮಾಡಿದ್ದೆವು.

ಸಾವಿರ ವರ್ಷದ ಹಿಂದೆ ಅಲ್ ಬೀರೂನಿ ರತ್ನಗಳ ಬಗ್ಗೆ ಒಂದು ಗ್ರಂಥ ಬರೆದರು. ಪಚ್ಚೆಯನ್ನು ಕಂಡರೆ ಹಾವಿನ ಕಣ್ಣು ಹೋಗುತ್ತದೆ ಎಂದು ಆಗಿನವರು ನಂಬಿದ್ದರು, ದೊಡ್ಡ ದೊಡ್ಡವರು ಬರೆದೂ ಇದ್ದರು. ಬೀರೂನಿ ಅದನ್ನು ಹಾವಿನ ಮೇಲೆಯೇ ಪರೀಕ್ಷಿಸಿದರು. ಹಾವಿಗೆ ಪಚ್ಚೆಯ ಸರ ಹಾಕಿದರು, ಅದರ ಬುಟ್ಟಿಯಲ್ಲಿ ಪಚ್ಚೆ ಹರಡಿದರು, ಕಣ್ಣ ಮುಂದೆ ಆಡಿಸಿದರು. ಒಂಬತ್ತು ತಿಂಗಳು, ಬೇಸಿಗೆ ಚಳಿಗಾಲ ಎರಡರಲ್ಲೂ. ಹಾವಿನ ಕಣ್ಣಿಗೆ ಏನೂ ಆಗಲಿಲ್ಲ. ಇದನ್ನು ದಾದಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹಾವಿಗೆ ಸರ ಹಾಕಿದವರು ಯಾರು?’

ಬ್ರೇಸ್‌ಲೆಟ್ ನಿಜವಾದ ಅಬ್ಸಿಡಿಯನ್ನೇ ಎಂದು ತಿಳಿಯಲು ಸೈನ್ಸ್ ವಿಭಾಗದ ನನ್ನ ಗೆಳತಿ ಜೊತೆಗೆ ಬಂದಿದ್ದ ಒಂದು ಹೆಚ್ಚುವರಿ ಮಣಿಯನ್ನು ಗಾಳಿಯಲ್ಲಿ ಮತ್ತು ನೀರಿನಲ್ಲಿ ತೂಗಿ ನೋಡಿದಳು. ಅಬ್ಸಿಡಿಯನ್‌ನ ಸಾಂದ್ರತೆ ಸುಮಾರು 2.4, ಕಿಟಕಿ ಗಾಜಿನದು 2.5. ಅಷ್ಟು ಚಿಕ್ಕ ಮಣಿಯಲ್ಲಿ ತಕ್ಕಡಿಯ ತಪ್ಪೇ ಈ ವ್ಯತ್ಯಾಸದಷ್ಟಿತ್ತು. ಹಾಗಾಗಿ ತೀರ್ಮಾನ ಆಗಿಲ್ಲ.

ದಾದಿ ಬ್ರೇಸ್‌ಲೆಟ್ ಬಿಡಲು ಒಪ್ಪಲಿಲ್ಲ. ಮಗ ಕೊಟ್ಟದ್ದು, ಎಂದರು. ಸರಿ ಎಂದೆವು. ರಾತ್ರಿ ಅದನ್ನು ತೆಗೆದಾಗ ಅಮ್ಮಿ ಮಾತ್ರೆ ಡಬ್ಬಿಯೊಳಗೆ ಇಡುತ್ತಾರೆ. ಬೆಳಿಗ್ಗೆ ಅದನ್ನು ಹಾಕಿಕೊಳ್ಳಬೇಕಾದರೆ ಡಬ್ಬಿ ತೆರೆಯಲೇಬೇಕು. ಕಳೆದ ವಾರ ಐದು ನಿಮಿಷ ಕೂರಿಸಿ ಅಳೆದಾಗ 138 ಇತ್ತು.